ಹೊಗೆ ನೋಡಿ ನಂಬರು ಬರೆದವರು

ಪೇಂಟರ್ ಮಾವ ನಡೆಯುವಾಗ ಅವರ ಎಡಗೈ ಮೈಯಿಂದ ಒಂದು ಗೇಣು ದೂರದಲ್ಲೇ ಇರುತ್ತಿತ್ತು. ಐವತ್ತು ವರ್ಷ ಬಣ್ಣದ ಡಬ್ಬಿ ಹಿಡಿದ ಕೈ ಅದು. ಡಬ್ಬಿ ಇಲ್ಲದ ದಿನವೂ, ಮದುವೆಗೆ ಹೊರಟಾಗಲೂ, ಏನೋ ತುಳುಕಿಬಿಡುತ್ತದೆ ಎಂಬ ಎಚ್ಚರದಲ್ಲೇ ಇರುತ್ತಿತ್ತು. ಅವರ ಕಂದು ಕೋಟಿನ ಬಲತೋಳಿನ ಮೇಲೆ ಊರಿನ ಬೋರ್ಡುಗಳೆಲ್ಲ ಹನಿಹನಿಯಾಗಿ ಕೂತಿದ್ದವು: ಔಷಧದಂಗಡಿಯ ಹಸಿರು, ಕ್ಷೌರದಂಗಡಿಯ ಕೆಂಪು, ಶಾಲೆಯ ನೀಲಿ. ಯಾರು ಯಾವ ತಕರಾರು ತಂದರೂ ಅವರ ಮೊದಲ ಮಾತು ಒಂದೇ: "ಒಣಗ್ಲಿ ಬಿಡಿ." ಹಸಿಯಿರುವಾಗ ಮುಟ್ಟಿದರೆ ಬಣ್ಣದಂತೆ ಮನುಷ್ಯರೂ ಕೆಡುತ್ತಾರೆ ಎಂಬುದು ಅವರ ನಂಬಿಕೆ. ಅವರು ಹೋಗಿ ಇಂದಿಗೆ ಇಪ್ಪತ್ತಾರು ದಿನ. ದುಃಖಕ್ಕೂ ಆ ಮಾತು ಅನ್ವಯಿಸುತ್ತದೇನೋ. ಆದರೆ ಕಾಯುವ ತಾಳ್ಮೆ ನನಗಿಲ್ಲ, ಹಸಿಯಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆ ಮೊದಲು ಇಟ್ಟಿಗೆ ಗೂಡಿನ ಹಿಂದಿನ ಬಂಜರು. ಅಲ್ಲಿಗೆ ಎಲ್ಲರಿಗಿಂತ ಮುಂಚೆ ಬಂದವರು ಬಟ್ಟೆ ಇಸ್ತ್ರಿ ಮಾಡುವ ಒಬ್ಬ ಹೆಂಗಸು, ನಾವೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದವರು. ನೀರು ನಿಂತ ಹೊಂಡದ ಪಕ್ಕ, ಬಯಲಿನ ನಟ್ಟನಡುವೆ ಅವರು ಮನೆ ಕಟ್ಟಿಕೊಂಡರು. ಮಾವ ಬಂದದ್ದು ಹನ್ನೊಂದನೆಯವರಾಗಿ. ಆಗ ಜಾಗ ಹಿಡಿಯುವವರ ಕಾಟ. ನಾಲ್ಕು ಗೋಡೆ ಎಬ್ಬಿಸಿ, ಬೀಗ ಜಡಿದು, ಹೋದವರು ತಿರುಗಿ ನೋಡುತ್ತಿರಲಿಲ್ಲ. ಮಾವ ಅದಕ್ಕೊಂದು ಉಪಾಯ ಹೂಡಿದರು. ಯಾವ ಮನೆಯಲ್ಲಿ ಒಲೆ ಹೊತ್ತಿ ಹೊಗೆ ಏಳುತ್ತದೋ ಆ ಮನೆಯ ಬಾಗಿಲಿಗೆ ಅವರೇ ಹೋಗಿ ಸಂಖ್ಯೆ ಬರೆಯುತ್ತಿದ್ದರು. ಸಾಲು ನೋಡಿ ಅಲ್ಲ, ಬಂದ ಕ್ರಮ ನೋಡಿ. ಗ್ಯಾಸ್ ಬಂದ ಮೇಲೆ ಅಡುಗೆಯ ವಾಸನೆ ಬಂದರೆ ಸಾಕಾಯಿತು. ಹೀಗಾಗಿ ಒಂದು ನಡುವೆ, ಎರಡು ಆ ತುದಿಗೆ, ಹದಿನೈದರ ಪಕ್ಕ ತೊಂಬತ್ತೇಳು.

ಒಮ್ಮೆ ಒಬ್ಬ ಕಂಟ್ರಾಕ್ಟರು ಗತ್ತಿನಿಂದ ಬಂದ. "ನನ್ನ ಮೂರು ಮನೆಗೂ ನಂಬರ್ ಹಾಕ್ರೀ."

"ಒಲೆ ಎಲ್ಲಿ ಸ್ವಾಮಿ?"

"ಒಲೆ ಯಾಕೆ? ಗೋಡೆ ಕಾಣ್ತಿಲ್ವಾ?"

"ಗೋಡೆಗೆ ಹಸಿವಾಗಲ್ಲ," ಎಂದು ಮಾವ ಬ್ರಷ್ಷು ತೊಳೆಯತೊಡಗಿದರು.

ನೀರಿನ ಕೊಳವೆ ಯಾರಿಗೆ ಕೊಡಬೇಕೆಂದು ಪರಿಶೀಲಿಸಲು ಬಂದ ಅಧಿಕಾರಿ ಬಾಗಿಲ ಮೇಲಿನ ಸಂಖ್ಯೆಗಳನ್ನೇ ಬರೆದುಕೊಂಡು ಹೋದ. ಬದುಕುವವರಿಗೆ ನೀರು ಬಂತು. ಬೀಗಗಳು ತುಕ್ಕು ಹಿಡಿದವು. ಅಂದಿನಿಂದ ಆ ಅಂಕಿಗಳು ಮಾವನ ಪಾಲಿಗೆ ಬರೀ ಗುರುತಾಗಿ ಉಳಿಯಲಿಲ್ಲ. "ಮುಳ್ಳು ಕಡಿದು ಬಂದವರು ಯಾರು, ದಾರಿ ಆದ್ಮೇಲೆ ಬಂದವರು ಯಾರು, ಬಾಗಿಲು ನೋಡಿದ್ರೆ ಗೊತ್ತಾಗ್ಬೇಕು," ಎನ್ನುತ್ತಿದ್ದರು. ನನ್ನ ಬಾಗಿಲಿಗೆ ನಲವತ್ತಮೂರು. "ನೀವು ನಲ್ಲಿ ತಿರುಗಿಸ್ಕೊಂಡು ಬಂದವರು ಮೇಷ್ಟ್ರೇ," ಎಂದು ಛೇಡಿಸುವುದು ಅವರಿಗೆ ಕಾಫಿಯಷ್ಟೇ ಅಗತ್ಯ.

ಮನೆಗಳು ನೂರನಲವತ್ತಾದವು. ಅಂಚೆಯವನು ಗೊಣಗಿದ, ಪಾರ್ಸೆಲ್ ತರುವವರು ಶಪಿಸಿದರು. ಸಾಲಾಗಿ ನಂಬರು ಹಾಕಲು ಕಚೇರಿಯವರು ಎರಡು ಸಲ ತಗಡಿನ ಫಲಕ ತಂದರು. ಎರಡು ಸಲವೂ ಮಾವ ಬೀದಿಗೆ ಅಡ್ಡ ನಿಂತು ವಾಪಸ್ಸು ಕಳಿಸಿದರು. ನಾನೂ ಅವರ ಪಕ್ಕ ನಿಂತಿದ್ದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಇಸ್ತ್ರಿ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಒಂದನೇ ನಂಬರೆಂದರೆ ಬೀದಿಯ ತಲೆಗೇ ಇರಬೇಕೆಂದು ಆಂಬ್ಯುಲೆನ್ಸಿನವನು ಹುಡುಕಿದ, ಆ ತುದಿಗೆ ಹೋದ, ಮತ್ತೆ ಬಂದ. ಇಪ್ಪತ್ತು ನಿಮಿಷ. ಅಕ್ಕ ಉಳಿದರು, ಬಲಗೈ ಮತ್ತು ಮಾತು ಉಳಿಯಲಿಲ್ಲ.

ಮಾರನೇ ದಿನ ಅವರ ಮಗಳು, ಆಸ್ಪತ್ರೆಯಲ್ಲಿ ನರ್ಸು, ಮಾವನ ಜಗಲಿಗೆ ಬಂದಳು. "ಮಾವ, ನಂಬರು ಸಾಲಾಗಿ ಇದ್ದಿದ್ರೆ ಅಮ್ಮ ಇವತ್ತು ಮಾತಾಡ್ತಿದ್ಲು."

ಅಭ್ಯಾಸಬಲದಿಂದ ಮಾವನ ಬಾಯಲ್ಲಿ ಬಂದೇಬಿಟ್ಟಿತು: "ಒಣಗ್ಲಿ..."

"ಏನು ಒಣಗೋದು? ಅಮ್ಮನ ಕೈನಾ?"

ಅವಳು ಹೋದ ಮೇಲೆ ಮಾವ ತಮ್ಮ ಬಾಗಿಲ ಕಡೆ ನೋಡಿ, ಪಕ್ಕದಲ್ಲೇ ಕೂತಿದ್ದ ನನ್ನನ್ನು ಕೇಳಿದರು: "ಮೇಷ್ಟ್ರೇ, ಇಷ್ಟು ವರ್ಷದಲ್ಲಿ ಈ ಹನ್ನೊಂದು ಅಂದ್ರೆ ಏನು ಅಂತ ಯಾರಾದ್ರೂ ಕೇಳಿದಾರಾ?"

ಇಲ್ಲ ಎಂದೆ.

"ಹಾಗಾದ್ರೆ ಅದು ಬರೀ ಬಣ್ಣ."

ಕಚೇರಿಯ ಫಲಕಗಳನ್ನು ಅವರು ಮೂರನೆಯ ಸಲವೂ ವಾಪಸ್ಸು ಕಳಿಸಿದರು. "ಬರೆದವನು ನಾನು. ಅಳಿಸೋನೂ ನಾನೇ." ಎಪ್ಪತ್ತೆಂಟರ ವಯಸ್ಸು, ಮಂಡಿನೋವು, ಒಂದು ಗಿಡ್ಡ ಸ್ಟೂಲು. ಮೊದಲು ಹೋದದ್ದು ಇಸ್ತ್ರಿ ಅಕ್ಕನ ಮನೆಗೆ. ಒಂದನ್ನು ಕೆರೆದು ಐವತ್ತೆಂಟು ಬರೆದು, ಮಂಚದ ಪಕ್ಕ ಕೂತು, "ಅಕ್ಕಾ, ನಿನ್ನ ಕೆಳಗಿಳಿಸಿದೀನಿ, ಬೈಕೋ," ಎಂದರು. ಅಕ್ಕ ಎಡಗೈಯಲ್ಲಿ ಅವರ ತಲೆಗೆ ಮೆಲ್ಲಗೆ ಒಂದು ಮೊಟಕಿದರು.

ದಿನಕ್ಕೆ ಮೂರೋ ನಾಲ್ಕೋ ಬಾಗಿಲು, ಒಂದೂವರೆ ತಿಂಗಳು. ಬಣ್ಣ ಆರುವವರೆಗೆ ಯಾರೂ ಮುಟ್ಟದಂತೆ ಹೊಸ್ತಿಲ ಬಳಿ ಕಾವಲು ಕೂರುತ್ತಿದ್ದರು. ಕೂತವರು ಸುಮ್ಮನಿರುತ್ತಾರೆಯೇ! "ಇಲ್ಲಿ ಏಳು ಇತ್ತಮ್ಮ. ಏಳನೆಯವನು ಗಾರೆ ಕೆಲಸದವನು. ತನ್ನ ಮನೆಗೆ ಸೂರಿಲ್ಲದೆ ಶಾಲೆಗೆ ಸೂರು ಹಾಕ್ದ. ಹೆಂಡತಿ ಬೈದು ಬೈದು ಸಾಕಾಗಿ, ಕೊನೆಗೆ ತಾನೂ ಇಟ್ಟಿಗೆ ಹೊತ್ಲು." ನಿನ್ನೆ ಬಾಡಿಗೆಗೆ ಬಂದ ಹುಡುಗಿ ಚಹಾದ ಲೋಟ ಹಿಡಿದು ಕೇಳುತ್ತಿದ್ದಳು, ಏಳನೆಯವನ ಮೊಮ್ಮಗ ಅದನ್ನು ಮೊದಲ ಬಾರಿಗೆ ಕೇಳುತ್ತಿದ್ದ. ಅಂಕಿಗಳು ಬಾಗಿಲ ಮೇಲಿದ್ದಷ್ಟು ಕಾಲ ಮೂಕವಾಗಿದ್ದ ಕಥೆ, ಅವು ಅಳಿಯುವಾಗ ಬಾಯಿಬಿಟ್ಟಿತ್ತು.

ಕೊನೆಯ ಬಾಗಿಲು ಅವರದೇ. ಹನ್ನೊಂದು ಹೋಗಿ ಎಂಬತ್ತಾರಾಯಿತು. "ಈ ಬೀದಿಗೆ ಹೊಸಬ ನಾನು, ಸ್ವಲ್ಪ ನೋಡ್ಕೊಳ್ಳಿ ಮೇಷ್ಟ್ರೇ," ಎಂದು ನಕ್ಕರು. ಕಣ್ಣು ನಗಲಿಲ್ಲ.

ಬಂಜರಿನಲ್ಲಿ ಮೊದಲು ಕಾಲೂರಿದವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರ ಹಟವಿಲ್ಲದೆ ಯಾವ ಊರೂ ಊರಾಗುವುದಿಲ್ಲ. ಅದೇ ಹಟ ಮುಂದೆ ದಾರಿಗೆ ಅಡ್ಡವಾಗುವುದೂ ಉಂಟು, ಹಲವರಿಗೆ ಅದು ಕೊನೆಯವರೆಗೂ ಕಾಣುವುದಿಲ್ಲ. ಕೆಲವರಿಗೆ ಮಾತ್ರ ಕಾಣುತ್ತದೆ. ಕಂಡ ದಿನ ಅವರು ಕಟ್ಟಿದಷ್ಟೇ ಹಟದಿಂದ ಕೆರೆದು ಅಳಿಸಲೂ ನಿಲ್ಲುತ್ತಾರೆ, ಮತ್ತೊಬ್ಬರ ಕೈಗೆ ಆ ಕೆಲಸ ಬಿಡದೆ. ಅಂಥವರ ಹೆಸರು ಕೇಳದ ಅಪರಿಚಿತನೊಬ್ಬ, ಯಾರದೋ ಜೀವ ಉಳಿಸಲು ಓಡಿಬಂದವನು, ಎಲ್ಲೂ ನಿಂತು ವಿಚಾರಿಸದೆ ನೇರ ಬಾಗಿಲಿಗೆ ಬಂದು ತಟ್ಟುತ್ತಾನಲ್ಲ, ಅವರಿಗೆ ಸಲ್ಲುವ ಗೌರವ ಅದು.