ಒಂಟಿ ಸೀನಿಗೆ ಮುರಿದ ಓವರ್‌ಡ್ರೈವ್

ನಾನು ಓವರ್‌ಡ್ರೈವ್. ಹೆಸರು ಕೇಳಿ ದೊಡ್ಡ ಕುಳ ಅಂದುಕೊಳ್ಳಬೇಡಿ. ಹಳೆಯ ಕಾರಿನ ಹೊಟ್ಟೆಯ ಕೆಳಗೆ, ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ, ಸಣ್ಣ ಕೊಡದಷ್ಟು ದೊಡ್ಡ ಲೋಹದ ಗಂಟು ನಾನು. ಕಾರು ಟಾಪ್ ಗೇರಿನಲ್ಲಿ ಓಡುವಾಗ ಡ್ಯಾಶ್‌ಬೋರ್ಡಿನ ಸ್ವಿಚ್ ಹಾಕಿದರೆ ಹಿಡಿದುಕೊಳ್ಳುತ್ತೇನೆ. ಆಗ ಕಾರಿನ ವೇಗ ಅಷ್ಟೇ ಇದ್ದರೂ ಎಂಜಿನ್ ಕೂಗಾಟ ಬಿಟ್ಟು ಆರಾಮಾಗುತ್ತದೆ, ಪೆಟ್ರೋಲೂ ಉಳಿಯುತ್ತದೆ. ಇಷ್ಟೇ ನನ್ನ ಕೆಲಸ. ಅದನ್ನೂ ನಾನಾಗಿ ಮಾಡುವಂತಿಲ್ಲ, ಮೇಲೆ ಕೂತವರು ಮನಸ್ಸು ಮಾಡಬೇಕು.

ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಯಲ್ಲಿ. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಗಿರಣಿ ಮ್ಯಾನೇಜರೊಬ್ಬರ ಜೊತೆ ಗದಗ ಸೇರಿದೆ. ಅವರ ನಂತರ ಕಾರು ಒಬ್ಬ ಗುತ್ತಿಗೆದಾರನ ಕೈಗೆ ಬಂತು. ಪುಣ್ಯಾತ್ಮ ನನಗೆ ಸಲ್ಲದ ಅಂಟೆಣ್ಣೆ ಸುರಿಸಿದ, ನಾನು ಹಿಡಿಯಲಾರದೆ ಜಾರತೊಡಗಿದೆ. ರಿವರ್ಸ್ ಹಾಕಿದ ಕೂಡಲೇ ನನ್ನನ್ನು ಬಿಡಿಸುವ ಕಾವಲು ಸ್ವಿಚ್ ಒಂದಿತ್ತು. ಅದು ಸುಟ್ಟಾಗ "ಹೊಸಾದು ಎಲ್ಲಿ ಹುಡುಕೂದು?" ಎಂದು ಆ ಕಾವಲನ್ನೇ ತೆಗೆದುಹಾಕಿ ವೈರನ್ನು ನೇರವಾಗಿ ಜೋಡಿಸಿಬಿಟ್ಟ. ನಾನು ಹಿಡಿದುಕೊಂಡಿರುವಾಗ ಕಾರು ಹಿಂದಕ್ಕೆ ಹೋದರೆ ನನ್ನ ಕಥೆ ಮುಗಿದಂತೆಯೇ. ಅಯ್ಯೋ, ಬೇಡಪ್ಪಾ ಎಂದು ಒಳಗೊಳಗೇ ಗೋಗರೆದೆ. ಕೇಳುವವರು ಯಾರು?

ಆಮೇಲೆ ಪ್ರಿಂಟಿಂಗ್ ಪ್ರೆಸ್ಸಿನ ಮುರಿಗೆಪ್ಪನವರು ಕಾರು ಕೊಂಡರು. ನನ್ನ ಎಣ್ಣೆ ಸೋಸುವ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸರಿಯಾದ ಎಣ್ಣೆ ತುಂಬಿಸಿದರು. ಹುಬ್ಬಳ್ಳಿ ರಸ್ತೆಯಲ್ಲಿ ಸ್ವಿಚ್ ಹಾಕಿ, ಪಕ್ಕದಲ್ಲಿದ್ದ ಹೆಂಡತಿ ನೀಲವ್ವನಿಗೆ "ಹಾಂ, ಹಿಡೀತು ನೋಡು!" ಎನ್ನುತ್ತಿದ್ದರು. ಆ ಮಾತಿಗೆ ನನಗೆ ಎಲ್ಲಿಲ್ಲದ ಸಂತೋಷ. ರಿವರ್ಸಿಗೆ ಮೊದಲು ಸ್ವಿಚ್ಚಿನ ಪಕ್ಕದಲ್ಲಿ, ನಾನು ಹಿಡಿದಿರುವಷ್ಟು ಹೊತ್ತು ಉರಿಯುವ ಹಳದಿ ದೀಪ ನೋಡಿ, ಅದು ಉರಿಯುತ್ತಿದ್ದರೆ ತಪ್ಪದೆ ಸ್ವಿಚ್ ಆರಿಸುತ್ತಿದ್ದರು. ಹೀಗೆ ಅವರ ಕಣ್ಣೇ ನನಗೆ ಕಾವಲಾಯಿತು.

ಆ ಕಣ್ಣಿಗೇ ಕೇಡು ಬಂತು. ಕಣ್ಣಿನ ಡಾಕ್ಟರು "ದೀಪಾವಳಿ ಆದ ಮ್ಯಾಲೆ ಸ್ಟೇರಿಂಗ್ ಮುಟ್ಟಬ್ಯಾಡ್ರಿ" ಎಂದರಂತೆ. ಮುರಿಗೆಪ್ಪನವರು ಒಂದೇ ಆಸೆ ಇಟ್ಟುಕೊಂಡರು. ಹೆಂಡತಿಯನ್ನು ಕೂರಿಸಿಕೊಂಡು ಕೊನೆಯದಾಗಿ ಒಮ್ಮೆ ಹುಬ್ಬಳ್ಳಿಗೆ ಹೋಗಿಬರಬೇಕು.

ಹಬ್ಬಕ್ಕೆ ಮುಂಚಿನ ಒಂದು ಬೆಳಿಗ್ಗೆ ಹೊರಟೆವು. ಊರು ದಾಟಿ ಟಾಪ್ ಗೇರ್ ಬಿತ್ತು, ಸ್ವಿಚ್ಚೂ ಬಿತ್ತು, ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆಗಲೇ ಮೇಲೆ ನೀಲವ್ವ ಸೀನಿದಳು. ಒಂದೇ ಒಂದು ಸೀನು!

"ರೀ, ನಿಲ್ಲಸ್ರಿ! ಒಂಟಿ ಸೀನು!"

"ಇನ್ನೊಂದು ಸೀನಿಬಿಡ ಮಾರಾಯ್ತಿ, ಜೋಡಿ ಆಕ್ಕೈತಿ."

"ಬರಲಿಲ್ಲಂದ್ರ ಏನ ಮಾಡ್ಲಿ? ಮೊದಲ ನಿಮಗ ಕಣ್ಣು ಸರಿ ಇಲ್ಲ. ಮನೀಗೆ ಹೋಗಿ ಒಂದ ಗುಟುಕು ನೀರು ಕುಡದು ಮತ್ತ ಬರೂಣು, ನಡೀರಿ."

ಮುರಿಗೆಪ್ಪನವರು ನಕ್ಕು ಬ್ರೇಕ್ ಹಾಕಿದರು. ರಸ್ತೆ ಇಕ್ಕಟ್ಟು, ಕಾರು ತಿರುಗಿಸಲು ರಿವರ್ಸ್ ಬೇಕೇ ಬೇಕು. ಅವರು ಎಂದಿನಂತೆ ದೀಪದ ಕಡೆ ಬಗ್ಗಿ ನೋಡಿದರು. ದೀಪ ಉರಿಯುತ್ತಲೇ ಇತ್ತು, ಅವರಿಗೆ ಕಾಣಲಿಲ್ಲ. ನಾನಿನ್ನೂ ಬಿಟ್ಟಿಲ್ಲ ಯಜಮಾನರೇ, ತಡೀರಿ ಎಂದು ಕಿರುಚಿಕೊಂಡೆ. ಗೇರ್ ಬಿತ್ತು. ಕಾರು ಒಂದು ಮಾರು ಹಿಂದೆ ಸರಿಯುವಷ್ಟರಲ್ಲಿ ನನ್ನ ಒಳಗಿನ ಉರುಳೆಗಳು ಸಿಕ್ಕಿಕೊಂಡು, ಮೈ ಸೀಳಿ ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿತು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮೆಕ್ಯಾನಿಕ್ ದಾವಲಸಾಬ ನನ್ನನ್ನು ಬಿಚ್ಚಿ ನೋಡಿ, ಸಾಮಾನು ಇಂಗ್ಲೆಂಡಿನಿಂದಲೇ ಬರಬೇಕು, ಅಲ್ಲಿಯವರೆಗೆ ಕಾರು ಓಡುವುದಿಲ್ಲ ಎಂದ. ಅದು ಬರುವಷ್ಟರಲ್ಲಿ ದೀಪಾವಳಿ ಕಳೆದುಹೋಗುತ್ತಿತ್ತು. ನೀಲವ್ವ ಅಂಗಳದಲ್ಲೇ ಕೂತು ಅತ್ತಳು.

"ನನ್ನ ಹಾಳ ಸೀನು! ನಿಮ್ಮ ಆಸೆಗೆ ನಾನಽ ಕಲ್ಲ ಹಾಕಿದೆ."

ಮುರಿಗೆಪ್ಪನವರು ಕಣ್ಣೊರೆಸಿಕೊಂಡು ಅವಳ ಪಕ್ಕ ಕೂತರು. ದೀಪ ಕಾಣಲಿಲ್ಲವೆಂಬುದನ್ನು ಅವರು ಬಾಯಿಬಿಡಲಿಲ್ಲ.

"ಹುಚ್ಚಿ, ಅಳತಾರೇನು? ಇದು ಹೆಂಗೂ ಮುರಿಯೂದಿತ್ತು. ದೊಡ್ಡ ರಸ್ತಾದಾಗ, ಲಾರಿ ಮುಂದ ಮುರದಿದ್ರ? ನಿನ್ನ ಸೀನಽ ನಮ್ಮನ್ನ ಉಳಿಸಿತು."

ಎಂಥ ಸುಳ್ಳು! ನಾನು ಕಲ್ಲಿನಂತೆ ಗಟ್ಟಿಯಾಗಿದ್ದೆ, ಬೆಳಗಾವಿಗೂ ಎಳೆಯುತ್ತಿದ್ದೆ. ಆದರೆ ನೀಲವ್ವ ನಂಬಿದಳು. ಅಳು ನಿಂತಿತು.

ಈಗ ಪ್ರೆಸ್ಸಿನ ಮೂಲೆಯಲ್ಲಿ, ಮಣೆಯ ಮೇಲೆ ಇದ್ದೇನೆ. ಮುರಿಗೆಪ್ಪನವರು ಗೋಡೆ ಸವರಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಪ್ರತಿ ಸೋಮವಾರ ನೀಲವ್ವ ನನಗೆ ವಿಭೂತಿ ಹಚ್ಚಿ ಹೂವಿಟ್ಟು, ಬಂದವರಿಗೆಲ್ಲ ಹೇಳುತ್ತಾಳೆ: "ತಾನು ಮುರದು ನಮ್ಮ ಯಜಮಾನ್ರನ್ನ ಉಳಿಸೇತ್ರಿ ಇದು."

ಮುರಿಗೆಪ್ಪನವರು "ಹೌದು ಹೌದು" ಎನ್ನುತ್ತಾರೆ. ನಾನು ಹೂವು ಹೊತ್ತುಕೊಂಡು ಕೂತಿರುತ್ತೇನೆ.