ಗಾಳಿ ಇಳಿಯುವ ತನಕ

"ಟೀಚರಮ್ಮ, ಕೊಕ್ಕೆ ಅಲ್ಲೇ ನಿಲ್ಲಿಸಿ. ಏನೂ ಮುಟ್ಟಬೇಡಿ."

ವಾಕಿಟಾಕಿಯಲ್ಲಿ, ಕ್ರೇನಿಗೆ ದಾರಿ ಹೇಳುವ ಸಿಗ್ನಲ್ ಅಣ್ಣನ ದನಿ ಎಂದಿನಂತಿರಲಿಲ್ಲ. ದಿನವಿಡೀ "ಇನ್ನೊಂದ್ ಚೂರು ಎಡಕ್ಕೆ, ಹಾಂ, ಬಿಡಿ ಬಿಡಿ, ಸಾಕು" ಎಂದು ಕೈಹಿಡಿದು ನಡೆಸುವವನ ಹಾಗೆ ಮಾತಾಡುವ ಮನುಷ್ಯ, ಈಗ ಒಂದೊಂದು ಪದವನ್ನೂ ಕಡಿದು ಕಡಿದು ಹೇಳುತ್ತಿದ್ದ. ಅವಳು ಎರಡೂ ಲಿವರ್‌ಗಳಿಂದ ಕೈ ತೆಗೆದು, ಕ್ರೇನಿನ ಕ್ಯಾಬಿನ್ನಿನಲ್ಲಿ ಪಾದದ ಬಳಿಯ ಗಾಜಿನಿಂದ ಕೆಳಗೆ ನೋಡಿದಳು. ಹದಿನಾಲ್ಕನೇ ಮಹಡಿಯ ಸ್ಲ್ಯಾಬಿನ ಮೇಲೆ ಹಳದಿ ಹೆಲ್ಮೆಟ್‌ಗಳೆಲ್ಲ ಒಂದೇ ಮೂಲೆಗೆ ಓಡುತ್ತಿದ್ದವು.

"ಕಂಬಿ ಕಟ್ಟು ಜಾರಿ ಸೀಟಿಯ ಕಾಲ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ. ರಕ್ತ ಬಹಳ ಹೋಗ್ತಿದೆ."

ಸೀಟಿ ಎಂದರೆ ಕಂಬಿ ಕಟ್ಟುವವರ ಗುಂಪಿನಲ್ಲಿದ್ದ ಮೂವತ್ತರ ಆಸುಪಾಸಿನವನು. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಾಯಿ ಸೀಟಿ ಹೊಡೆಯುತ್ತಲೇ ಇರುತ್ತಿದ್ದುದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

"ನಾನು ಇಳಿಸಿದ ಕಟ್ಟಾ ಅಣ್ಣ?" ಎಂದು ಕೇಳಿದಳು.

"ಅಲ್ಲಮ್ಮ. ನಿನ್ನೆಯದು. ಯಾರೋ ಅಡಿಗಿಟ್ಟ ಮರ ಎಳಕೊಂಡಿದ್ದಾರೆ. ಅದನ್ನೆಲ್ಲ ಆಮೇಲೆ ನೋಡೋಣ. ಈಗ ಇವನನ್ನ ನೀವೇ ಇಳಿಸಬೇಕು."

ಕೆಲಸಗಾರರ ಲಿಫ್ಟು ಬೆಳಗಿನಿಂದ ಕೆಟ್ಟು ನಿಂತಿತ್ತು. ಮೆಟ್ಟಿಲು ಹನ್ನೊಂದನೇ ಮಹಡಿಯವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಕಬ್ಬಿಣದ ಏಣಿಗಳು. ನೆಟ್ಟಗಿರುವವರೇ ಜೀವ ಕೈಯಲ್ಲಿ ಹಿಡಿದುಕೊಂಡು ಹತ್ತುವ ಅವುಗಳ ಮೇಲೆ ಮಲಗಿದವನನ್ನು ಇಳಿಸುವ ಮಾತೇ ಇರಲಿಲ್ಲ. ಉಳಿದದ್ದು ಕ್ರೇನು ಮತ್ತು ಇಂಥ ಹೊತ್ತಿಗೆಂದೇ ಗೋದಾಮಿನಲ್ಲಿಟ್ಟಿದ್ದ ಕಬ್ಬಿಣದ ಬುಟ್ಟಿ. ಅಂಥ ಬುಟ್ಟಿಯಲ್ಲಿ ಅವಳು ಇದುವರೆಗೆ ಎತ್ತಿದ್ದು ಮರಳು ಮೂಟೆಗಳನ್ನು, ಅದೂ ತರಬೇತಿಯಲ್ಲಿ.

ಈ ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂರಲು ಶುರುಮಾಡಿ ಅವಳಿಗೆ ಐದು ವಾರವಾಗಿತ್ತು. ಅದಕ್ಕೂ ಮೊದಲು ಹದಿನಾರು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಭೂಗೋಳ ಪಾಠ ಹೇಳಿದ್ದಳು. ಮಕ್ಕಳು ಕಡಿಮೆಯಾದರು, ವಿಭಾಗಗಳು ಕಡಿಮೆಯಾದವು, ಕೊನೆಗೆ ಟೀಚರುಗಳೂ. ನಲವತ್ತೊಂದರ ವಯಸ್ಸಿನಲ್ಲಿ ಪತ್ರಿಕೆಯ ಮೂಲೆಯಲ್ಲಿ ಒಂದು ಜಾಹೀರಾತು ಕಂಡಿತು: ಟವರ್ ಕ್ರೇನ್ ನಡೆಸುವ ತರಬೇತಿ, ಹನ್ನೆರಡು ವಾರ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಮಹಿಳೆಯರೂ ಬರಬಹುದು.

ಜಾಹೀರಾತನ್ನು ಅಮ್ಮನಿಗೆ ಓದಿ ಹೇಳಿದಾಗ ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಮೂವತ್ತೈದು ವರ್ಷ ಟೀಚರಾಗಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು ಅವರು. ಕನ್ನಡಕ ತೆಗೆದರೆಂದರೆ ಇಡೀ ಶಾಲೆ ಗಪ್‌ಚಿಪ್ಪಾಗುತ್ತಿತ್ತಂತೆ.

"ಹನ್ನೆರಡು ವಾರದಲ್ಲಿ ಕಲಿಯೋ ಕೆಲಸಕ್ಕೆ ಇಷ್ಟು ಸಂಬಳ ಕೊಡ್ತಾರೆ ಅಂದ್ರೆ ಅದರಲ್ಲೇನೋ ಮೋಸ ಇರಬೇಕು."

"ಹದಿನೇಳು ವರ್ಷ ಓದಿದ್ದಕ್ಕೆ ಇದರ ಮೂರರಲ್ಲೊಂದು ಪಾಲು ಕೊಡ್ತಿದ್ರಲ್ಲಮ್ಮ, ಮೋಸ ಅದರಲ್ಲಿ ಇತ್ತೋ ಏನೋ."

ಅಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಒಪ್ಪಿದರೆಂದಲ್ಲ. ಪಕ್ಕದ ಮನೆಯವರು ಕೇಳಿದರೆ "ಅವಳೀಗ ತುಂಬಾ ಮೇಲಿನ ಕೆಲಸದಲ್ಲಿದ್ದಾಳೆ" ಎನ್ನುತ್ತಿದ್ದರು. ಸುಳ್ಳು ಹೇಳುವ ಪೈಕಿ ಅವರಲ್ಲ. ನೆಲದಿಂದ ಅರವತ್ತು ಮೀಟರ್ ಮೇಲಿನ ಕೆಲಸಕ್ಕೆ ಆ ಮಾತು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಕ್ಯಾಬಿನ್ ಹೇಗಿದೆ, ಅಲ್ಲಿ ಏನು ಮಾಡುತ್ತೀಯ ಎಂದು ಒಂದು ದಿನವೂ ಮಗಳನ್ನು ಕೇಳಲಿಲ್ಲ.

ಗೋದಾಮಿನ ಬುಟ್ಟಿಯನ್ನು ಎತ್ತಿ ತಂದು ಸ್ಲ್ಯಾಬಿನ ಮೇಲೆ ಇಳಿಸುವುದೇನೋ ಸಲೀಸಾಗಿ ಆಯಿತು. ಸೀಟಿಯನ್ನು ಹಲಗೆಗೆ ಕಟ್ಟಿ ಒಳಗೆ ಮಲಗಿಸಿದರು. ಅವನ ಭಾವ, ಅದೇ ಗುಂಪಿನ ಕೆಲಸಗಾರ, ಪಕ್ಕದಲ್ಲಿ ಕೂತು ಕಾಲಿನ ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದ. "ಎತ್ತಿ" ಎಂದ ಸಿಗ್ನಲ್ ಅಣ್ಣ.

ಅವಳ ಕಣ್ಣು ಗಾಳಿ ಮಾಪಕದ ಮೇಲಿತ್ತು. ಗಂಟೆಗೆ ಮೂವತ್ತೊಂದು ಕಿಲೋಮೀಟರ್. ಸಾಮಾನು ಎತ್ತುವುದಾದರೆ ಇದು ಲೆಕ್ಕಕ್ಕೇ ಇಲ್ಲದ ಗಾಳಿ. ಮನುಷ್ಯರನ್ನು ಎತ್ತುವುದಾದರೆ ಇಪ್ಪತ್ತೈದು ದಾಟಬಾರದು. ಪಾಠ ಹೇಳಿಕೊಟ್ಟವನು ಬೋರ್ಡಿನ ಮೇಲೆ ಆ ಒಂದು ಅಂಕಿಯನ್ನು ಬರೆದು, ಅಳಿಸದೆ ಹನ್ನೆರಡು ವಾರವೂ ಹಾಗೇ ಬಿಟ್ಟಿದ್ದ.

"ಗಾಳಿ ಮೂವತ್ತೊಂದಿದೆ ಅಣ್ಣ. ಇಳಿಯಲಿ."

ಅಣ್ಣನ ಕೈಯಿಂದ ವಾಕಿಟಾಕಿ ಕಿತ್ತುಕೊಂಡದ್ದು ಸೈಟಿನ ಎಂಜಿನಿಯರು.

"ಮೇಡಂ, ಇಲ್ಲೊಬ್ಬನ ಪ್ರಾಣ ಹೋಗ್ತಿದೆ, ನೀವಲ್ಲಿ ಗಾಳಿ ನೋಡ್ತಾ ಕೂತಿದ್ದೀರಾ? ಆಂಬುಲೆನ್ಸ್ ಗೇಟಿಗೆ ಬಂದಿದೆ. ಎತ್ರೀ!"

"ಇಪ್ಪತ್ತೈದಕ್ಕೆ ಇಳಿದ ತಕ್ಷಣ ಎತ್ತುತ್ತೀನಿ ಸಾರ್."

"ಏನಾದ್ರೂ ಆದ್ರೆ ನೀವೇ ಹೊಣೆ."

"ಆಗಲಿ ಸಾರ್."

ಅವಳು ಮತ್ತೆ ಮಾಪಕದತ್ತ ತಿರುಗಿದಳು. ಇಪ್ಪತ್ತೊಂಬತ್ತು. ಮೂವತ್ತು. ಇಪ್ಪತ್ತೆಂಟು. ಮತ್ತೆ ಮೂವತ್ತೆರಡು. ಕೆಳಗೆ ಬುಟ್ಟಿಯ ಸುತ್ತ ನಿಂತವರೆಲ್ಲ ತಲೆಯೆತ್ತಿ ಅವಳತ್ತ ನೋಡುತ್ತಿದ್ದರು. ಯಾರೋ ಕೈ ಬೀಸಿ ಬೈಯುತ್ತಿದ್ದ. ಬಾಯಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಾಗ ಗಡಿಯಾರ ಎಷ್ಟು ನಿಧಾನ ಎಂದು ಬೇಸರಪಟ್ಟವಳು ಅವಳು. ಆ ನಿಧಾನವೆಲ್ಲ ಇದರ ಮುಂದೆ ಏನೇನೂ ಅಲ್ಲ.

ಆರು ನಿಮಿಷದ ನಂತರ ಅಂಕಿ ಇಪ್ಪತ್ತನಾಲ್ಕಕ್ಕೆ ಬಂತು. ಇಪ್ಪತ್ತೆರಡು. ಅಲ್ಲೇ ನಿಂತಿತು.

"ಎತ್ತುತ್ತಿದ್ದೀನಿ."

ಬುಟ್ಟಿ ಸ್ಲ್ಯಾಬಿನಿಂದ ಗೇಣು ಮೇಲೆದ್ದಿತು. ನಿಲ್ಲಿಸಿ ನೋಡಿದಳು. ನೆಟ್ಟಗಿತ್ತು. ಮತ್ತೆ ಎತ್ತಿದಳು. ಕ್ರೇನಿನ ತೋಳನ್ನು ತಿರುಗಿಸಿದಾಗ ಬುಟ್ಟಿ ಒಂದು ಕ್ಷಣ ಹಿಂದೆ ಉಳಿದು, ಆಮೇಲೆ ತೂಗಿ ಮುಂದೆ ಹೋಗುತ್ತದೆ. ಹಾಗೆ ತೂಗಿಹೋದ ತುದಿಯಲ್ಲೇ ತೋಳನ್ನೂ ಅದರ ನೆತ್ತಿಯ ಮೇಲಕ್ಕೆ ಒಯ್ದರೆ ತೂಗಾಟ ಸತ್ತುಹೋಗುತ್ತದೆ. ಅರೆ ಕ್ಷಣ ತಡವಾದರೆ ದುಪ್ಪಟ್ಟಾಗುತ್ತದೆ. ತರಬೇತಿಯಲ್ಲಿ ಬಾಯಿಮಟ ನೀರು ತುಂಬಿದ ಪೀಪಾಯಿಯನ್ನು ಹೀಗೆಯೇ ಮೈದಾನದ ಈ ತುದಿಯಿಂದ ಆ ತುದಿಗೆ ಸಾಗಿಸಿ, ಎಷ್ಟು ನೀರು ಉಳಿದಿದೆಯೆಂದು ಕೋಲು ಅದ್ದಿ ಅಳೆಯುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ತೋಳನ್ನು ಒಯ್ದಳು. ಬುಟ್ಟಿ ನಿಂತಿತು. ಆಮೇಲೆ ಹಗ್ಗ ಬಿಡುತ್ತ ಹೋದದ್ದು, ಹತ್ತು, ಒಂಬತ್ತು, ಎಂಟು ಎಂದು ಸಿಗ್ನಲ್ ಅಣ್ಣ ಮಹಡಿಗಳನ್ನು ಎಣಿಸಿದ್ದು, "ನೆಲ ಮುಟ್ತು ಟೀಚರಮ್ಮ, ಮುಟ್ತು" ಎಂದಾಗ ಅವನ ದನಿ ಒಡೆದದ್ದು, ಇಷ್ಟೇ ಅವಳಿಗೆ ನೆನಪು.

ಪಾಳಿ ಮುಗಿದ ಮೇಲೂ ಅವಳು ಅರ್ಧ ಗಂಟೆ ಇಳಿಯಲಿಲ್ಲ. ಏಣಿ ಹಿಡಿಯಲು ಬೆರಳುಗಳು ಮಡಚಿಕೊಳ್ಳುತ್ತಿರಲಿಲ್ಲ.

ಮರುದಿನ ಹೊಗಳಿದವರು ಕೆಲವರು, ಮುಖ ತಿರುಗಿಸಿದವರು ಕೆಲವರು. ನೀರಿನ ಟ್ಯಾಂಕಿನ ಹತ್ತಿರ ಕಂಬಿ ಕಟ್ಟುವವರು "ಆರು ನಿಮಿಷ ರಕ್ತ ಸುರಿಸಿಕೊಂಡು ಬಿದ್ದಿದ್ದ, ಮಹಾರಾಣಿಯವರ ಅಪ್ಪಣೆ ಆಗಲಿ ಅಂತ" ಎಂದು ಆಡಿಕೊಂಡದ್ದು ಅವಳ ಕಿವಿಗೆ ಬಿತ್ತು. ತನಿಖೆಗೆ ಬಂದ ಅಧಿಕಾರಿ ಯಂತ್ರದೊಳಗೆ ದಾಖಲಾಗಿದ್ದ ಗಾಳಿಯ ಅಂಕಿಗಳನ್ನು ತೆಗೆದು ನೋಡಿ, ಅವಳ ತಪ್ಪಿಲ್ಲವೆಂದು ಬರೆದುಕೊಂಡು ಹೋದರು. ಕಾಗದದ ಮೇಲೆ ಅದು ಮುಗಿಯಿತು. ಆದರೆ ಅವಳ ತಟ್ಟೆಯಲ್ಲಿ ಊಟ ಹಾಗೇ ಉಳಿಯತೊಡಗಿತು.

ಮೂರನೇ ದಿನ ಅಮ್ಮ ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು.

"ಆಸ್ಪತ್ರೆಗೆ ಹೋಗಿ ನೋಡಿದ್ಯಾ?"

"ಇಲ್ಲಮ್ಮ. ಯಾವ ಮುಖ ಇಟ್ಕೊಂಡು ಹೋಗಲಿ?"

"ಇರೋ ಮುಖಾನೇ ಇಟ್ಕೊಂಡು ಹೋಗೋದು. ನಡಿ, ನಾನೂ ಬರ್ತೀನಿ."

ಉದ್ದನೆಯ ವಾರ್ಡಿನ ಕೊನೆಯ ಕಿಟಕಿಯ ಪಕ್ಕ ಸೀಟಿ ಮಲಗಿದ್ದ. ಮುಖ ಸೊರಗಿತ್ತು. ಎಡಗಾಲು ಬ್ಯಾಂಡೇಜಿನಲ್ಲಿ ದಿಂಬಿನಷ್ಟು ದಪ್ಪವಾಗಿತ್ತು. ಹೆಂಡತಿ ಕಾಲ ಬಳಿಯ ಸ್ಟೂಲಿನಿಂದ ಎದ್ದು ಅಮ್ಮನಿಗೆ ಜಾಗ ಕೊಟ್ಟಳು.

"ಕಾಲು ಉಳೀತು," ಎಂದ ಸೀಟಿ, ಯಾರೂ ಕೇಳುವ ಮೊದಲೇ. "ಹೊರಗೆ ಕಂಬಿ ಕಟ್ಟಿದ್ದು ಸಾಲದು ಅಂತ ಈಗ ಒಳಗೂ ಕಂಬಿ ಕಟ್ಟಿದ್ದಾರೆ." ನಕ್ಕ. ಆಮೇಲೆ ನಗು ನಿಲ್ಲಿಸಿ ನೇರವಾಗಿ ಅವಳನ್ನೇ ನೋಡಿದ. "ಯಾಕೆ ಕಾಯಿಸಿದ್ರಿ ಟೀಚರಮ್ಮ?"

ಹೆಂಡತಿ "ಸುಮ್ನಿರಿ" ಎಂದು ಅವನ ತೋಳು ಮುಟ್ಟಿದಳು. ಅವನು ಕೇಳಿಸಿಕೊಳ್ಳಲಿಲ್ಲ.

ಅವಳು ಹಾಸಿಗೆಯ ಪಕ್ಕ ನಿಂತೇ ಹೇಳಿದಳು. ಬುಟ್ಟಿ ಉದ್ದನೆಯ ಹಗ್ಗದ ತುದಿಯಲ್ಲಿರುತ್ತದೆ. ಗಾಳಿ ಜೋರಿದ್ದರೆ ಕ್ರೇನಿನವರ ಮಾತು ಬಿಟ್ಟು ಗಾಳಿಯ ಮಾತು ಕೇಳುತ್ತದೆ. ಸ್ಲ್ಯಾಬಿನ ಅಂಚಿಗೆ ಒಂದು ಸಲ ಬಡಿದರೆ ಮುಗಿಯಿತು. ಒಳಗೆ ಅವನೊಬ್ಬನೇ ಅಲ್ಲ, ಅವನ ಭಾವನೂ ಇದ್ದ. ಹೇಳುತ್ತ ಹೇಳುತ್ತ ಅವಳ ಬಲಗೈ ಕ್ರೇನಿನ ತೋಳಾಯಿತು, ಕೊರಳಿನ ಗುರುತಿನ ಚೀಟಿ ದಾರದ ಸಮೇತ ಬುಟ್ಟಿಯಾಗಿ ತೂಗಿತು. ಪಕ್ಕದ ಹಾಸಿಗೆಯ ಮುದುಕ ಕತ್ತೆತ್ತಿ ನೋಡತೊಡಗಿದ. ಅಮ್ಮ ಕನ್ನಡಕ ಏರಿಸಿ, ಮುಂದಕ್ಕೆ ಬಾಗಿ, ಚೀಟಿ ತೂಗುವುದನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತಿದ್ದರು.

ಸೀಟಿ ತೂಗುವ ಚೀಟಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದ.

"ಇದನ್ನ ಅವತ್ತೇ ನನಗೂ ಹೇಳಿಸಬಹುದಿತ್ತಲ್ಲ? ನಾನಲ್ಲಿ ಅಂಗಾತ ಮಲಗಿ ಮೇಲೆ ನಿಮ್ಮ ಡಬ್ಬಾನೇ ನೋಡ್ತಿದ್ದೆ. ನೀವು ಕದಲ್ತಾನೇ ಇಲ್ಲ. ಎಂಜಿನಿಯರು ಕಿರುಚಾಡಿದ್ದಷ್ಟೇ ಕೇಳ್ತು, ನನ್ನ ಮರೆತೇಬಿಟ್ರು ಅನ್ಕೊಂಡೆ. ಗಾಳಿಗೆ ಕಾಯ್ತಿದ್ದಾರೆ ಅಂತ ಯಾರಾದ್ರೂ ನನ್ನ ಕಿವಿಗೆ ಒಂದು ಮಾತು ಹಾಕಿದ್ರೆ ನಾನೂ ಕಾಯ್ತಿದ್ದೆ."

"ಹೇಳಿಸಬೇಕಿತ್ತು," ಎಂದಳು ಅವಳು. "ನನಗೆ ಹೊಳೀಲಿಲ್ಲ. ತಪ್ಪಾಯ್ತು."

"ಹೋಗಲಿ ಬಿಡಿ. ಇಳಿಸಿದ್ದು ಮಾತ್ರ ಗೊತ್ತೇ ಆಗಲಿಲ್ಲ. ನನ್ನ ಭಾವ ಬಸ್ಸಿನಲ್ಲೇ ವಾಂತಿ ಮಾಡೋ ಜನ. ಅವನೂ ಸುಮ್ನೆ ಕೂತಿದ್ದ."

ಹೆಂಡತಿ ಆಗ ಮೊದಲ ಸಲ ಅವಳ ಕಡೆ ತಿರುಗಿದಳು. "ಇನ್ನು ಭಾರ ಹೊರೋ ಕೆಲಸ ಆಗಲ್ಲ ಅಂದ್ರಕ್ಕ ಡಾಕ್ಟ್ರು. ಇವರಿಗೆ ಬೇರೆ ಏನೂ ಬರಲ್ಲ."

"ಸೀಟಿ ಬರುತ್ತೆ," ಎಂದ ಅವನು. ಈ ಸಲ ಅವನೂ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೇಳಿದ: "ಟೀಚರಮ್ಮ, ನಿಮ್ಮ ಆ ಕೋರ್ಸಿಗೆ ಎರಡೂ ಕಾಲು ಬೇಕಾ?"

"ಕ್ರೇನಿಗೆ ದಿನಾ ಅರವತ್ತು ಮೀಟರ್ ಏಣಿ ಹತ್ತಬೇಕು," ಎಂದಳು ಅವಳು. ಅವನ ಮುಖ ಇಳಿಯುವ ಮೊದಲೇ ಸೇರಿಸಿದಳು: "ಸಿಗ್ನಲ್ ಅಣ್ಣನ ಕೆಲಸಕ್ಕೆ ದಿನಾ ಏಣಿ ಹತ್ತಬೇಕಾಗಿಲ್ಲ. ಹೆಚ್ಚಿನ ಹೊತ್ತು ಕೆಳಗೇ ಕೆಲಸ. ಮೂರು ವಾರದ ತರಬೇತಿ ಅಷ್ಟೇ. ಸಂಬಳ ನೀವು ಈಗ ತಗೊಳ್ಳೋದಕ್ಕಿಂತ ಚೆನ್ನಾಗಿದೆ. ಕಣ್ಣು ಚುರುಕಿರಬೇಕು, ಮಾತು ಸ್ಪಷ್ಟ ಇರಬೇಕು. ಆದರೆ ಕೊನೇಲಿ ಬರೆಯೋ ಪರೀಕ್ಷೆ ಇದೆ. ತೂಕದ ಪಟ್ಟಿ ಓದಬೇಕು, ಗುಣಾಕಾರ ಮಾಡಬೇಕು."

"ಹಾಗಾದ್ರೆ ಮುಗೀತು. ನಾನು ಏಳನೇ ಕ್ಲಾಸು. ಅದೂ ಲೆಕ್ಕದಲ್ಲಿ ಫೇಲು."

"ಫೇಲು ಅಂತ ಹೇಳಿದ್ದು ಯಾರು?" ಅಮ್ಮನ ದನಿ ವಾರ್ಡಿನ ಆ ತುದಿಯವರೆಗೆ ಹೋಯಿತು.

"ನಮ್ಮ ಮೇಷ್ಟ್ರು ಅಮ್ಮ."

"ಎಷ್ಟು ವರ್ಷದಿಂದ ಕಂಬಿ ಕಟ್ಟುತ್ತಿದ್ದೀಯ?"

"ಹನ್ನೆರಡು."

"ಎಂಟಡಿ ಅಗಲದ ಜಾಗಕ್ಕೆ ಆರಂಗುಲಕ್ಕೊಂದರಂತೆ ಕಂಬಿ ಇಟ್ಟರೆ ಎಷ್ಟು ಬೇಕು?"

"ಹದಿನೇಳು," ಎಂದ ಅವನು ಕಣ್ಣು ಮಿಟುಕಿಸುವಷ್ಟರಲ್ಲಿ.

ಅಮ್ಮ ಬೆರಳಿನಲ್ಲಿ ಲೆಕ್ಕ ಹಾಕಿದರು. "ಹದಿನಾರಲ್ವೇನೋ?"

"ಹದಿನಾರು ಸಂದು ಅಮ್ಮ. ಆ ತುದಿಗೆ ಒಂದು ಕಂಬಿ ಬೇಡ್ವಾ?"

ಅಮ್ಮ ಒಂದು ಕ್ಷಣ ಅವನನ್ನೇ ನೋಡಿದರು. "ಹಾಗಾದ್ರೆ ಫೇಲಾದದ್ದು ನಿಮ್ಮ ಮೇಷ್ಟ್ರು," ಎಂದು, ಅವನ ಹೆಂಡತಿಯ ಕಡೆ ತಿರುಗಿದರು. "ಇಲ್ಲಿ ಇನ್ನೂ ಎಷ್ಟು ದಿನ ಇರಬೇಕಂತೆ?"

"ಮೂರು ವಾರ ಅಂದಿದ್ದಾರೆ."

"ನಾಲ್ಕರಿಂದ ಆರು ನೋಡೋಕೆ ಬಿಡ್ತಾರೆ ಅಲ್ವಾ? ನಾಳೆ ಒಂದು ನೋಟ್‌ಬುಕ್ಕು ತರಿಸಿಡು."

ಅವಳು ಮರುದಿನ ಬೆಳಗ್ಗೆ ಮತ್ತೆ ಏಣಿ ಹತ್ತಿದಳು. ಇಪ್ಪತ್ತನೇ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಂತು, ಸುಧಾರಿಸಿಕೊಂಡು ಮತ್ತೆ ಹತ್ತಿದಳು. ಅಂದಿನಿಂದ ಏನನ್ನೇ ತಡೆದು ನಿಲ್ಲಿಸಿದರೂ ವಾಕಿಟಾಕಿಯಲ್ಲಿ ಕಾರಣ ಹೇಳುವುದನ್ನು ರೂಢಿ ಮಾಡಿಕೊಂಡಳು. "ಗಾಳಿ ಇದೆ, ಕಾಯ್ತಿದ್ದೀನಿ. ಮರೆತಿಲ್ಲ." ಮೊದಮೊದಲು ಎಂಜಿನಿಯರು ಮೂಗು ಮುರಿದರು. ಕಂಬಿಯವರು ಮುರಿಯಲಿಲ್ಲ.

ಎರಡು ವಾರ ಕಳೆದಿತ್ತು. ಒಂದು ದಿನ ಕಾಂಕ್ರೀಟು ಬರದೆ ಕೆಲಸ ಬೇಗ ಮುಗಿಯಿತು. ಅವಳು ನೇರ ಆಸ್ಪತ್ರೆಗೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಳು. ಅಮ್ಮ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತೊಡೆಯ ಮೇಲೆ ಸಿಗ್ನಲ್ ಕೆಲಸದ ತರಬೇತಿಯವರು ಕಳಿಸಿದ ತೆಳ್ಳನೆಯ ಪುಸ್ತಕ. ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದವರು ಒಂದು ಪದದ ಹತ್ತಿರ ತಡೆದು, ಇನ್ನೊಮ್ಮೆ ಓದಿ, ತಲೆಯೆತ್ತಿದರು.

"ಶ್ಯಾಕಲ್ ಅಂದ್ರೇನಪ್ಪ?"

"ಕೊಡಿ ಇಲ್ಲಿ," ಎಂದ ಸೀಟಿ. ಪುಸ್ತಕ ಇಸಿದುಕೊಂಡು, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಲಾಳದಂಥದ್ದೊಂದನ್ನು ಬರೆದು, ಅದರ ಬಾಯಿಗೆ ಅಡ್ಡಲಾಗಿ ಒಂದು ಮೊಳೆ ಹಾಕಿದ. "ಇದನ್ನ ತಿರುಗಿಸಿ ಬಿಗಿ ಮಾಡೋದು. ಹೀಗೆ."

ಅಮ್ಮ ಕನ್ನಡಕ ಸರಿಮಾಡಿಕೊಂಡು, ಅವನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಅದರ ಪಕ್ಕದಲ್ಲೇ ತಾವೂ ಒಂದನ್ನು ಬರೆಯತೊಡಗಿದರು.