ಕೆಂಪು ಗೆರೆ, ನೀಲಿ ಗೆರೆ

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅವಳ ಗಂಡ ತೀರಿಕೊಂಡ ಎಂಟು ತಿಂಗಳಿಗೆ ತನಿಖೆ ಮುಗಿಯಿತು. 'ಕಾರಣ ಖಚಿತವಿಲ್ಲ' ಎಂದು ಬರೆದು ಕಡತ ಮುಚ್ಚಿದರು. ಯಾರ ತಲೆಯ ಮೇಲೂ ತಪ್ಪು ಬರಲಿಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಅವಳಿಗೆ ಮಾತ್ರ ಉಸಿರು ಅಲ್ಲೇ ಸಿಕ್ಕಿಕೊಂಡಿತ್ತು.

ಅವಳು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸು. ಯಂತ್ರಗಳ ಗಂಧಗಾಳಿ ಇಲ್ಲ. ಆದರೂ ಮೂರು ಸಲ ಅರ್ಜಿ ಕೊಟ್ಟು, ಆ ದಿನದ ದುಂಡನೆಯ ಕಾಗದದ ನಕಲು ತರಿಸಿಕೊಂಡಳು. ಬಾಯ್ಲರಿನ ಪಕ್ಕದ ಯಂತ್ರ ಪ್ರತಿ ಪಾಳಿಗೂ ಅಂಥದೊಂದು ಕಾಗದದ ಮೇಲೆ ತಾನೇ ಗೆರೆ ಎಳೆಯುತ್ತಿತ್ತು: ಹಬೆಯ ಒತ್ತಡಕ್ಕೆ ಕೆಂಪು, ಒಳಗೆ ಹೋಗುವ ನೀರಿಗೆ ನೀಲಿ. ಅವಳಿಗೆ ಗೊತ್ತಿದ್ದಂತೆ ಅದನ್ನು ಓದಬಲ್ಲವರು ಒಬ್ಬರೇ, ಅವಳ ಗಂಡನಿಗೆ ಬಾಯ್ಲರ್ ನಡೆಸುವ ಕೆಲಸ ಕಲಿಸಿದ, ಈಗ ನಿವೃತ್ತನಾದ ಮುದುಕ. ಊರೆಲ್ಲ ಅವನನ್ನು ಹಬೆ ಅಜ್ಜ ಎನ್ನುತ್ತಿತ್ತು.

ರಜೆಯ ದಿನ ಬೆಳಿಗ್ಗೆ ಅಜ್ಜನ ಮನೆಗೆ ಹೊರಟಾಗ ಮೈದುನ ಬಾಗಿಲಿಗೆ ಅಡ್ಡ ನಿಂತ. ಅವನೂ ಅದೇ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದವನು.

"ಹೋಗ್ಬೇಡಿ ಅತ್ತಿಗೆ. ತಿಳ್ಕೊಂಡು ಏನ್ ಮಾಡ್ತೀರಾ? ಅಣ್ಣ ಎದ್ದು ಬರ್ತಾನಾ?"

"ಬರಲ್ಲ."

"ಇನ್ಯಾರಿಗಾದ್ರೂ ಉಪಯೋಗ ಆಗುತ್ತಾ? ಆ ಬಾಯ್ಲರೂ ಗುಜರಿಗೆ ಹೋಯ್ತು."

"ಉಪಯೋಗ ಇಲ್ಲ ಅಂತ ನಂಗೂ ಗೊತ್ತು. ಆದ್ರೂ ಗೊತ್ತಾಗ್ಬೇಕು."

"ಅಣ್ಣಂದೇ ತಪ್ಪು ಅಂತ ಬಂದ್ರೆ?"

ಚಪ್ಪಲಿ ಮೆಟ್ಟುತ್ತಿದ್ದ ಅವಳ ಕಾಲು ಒಂದು ಕ್ಷಣ ನಿಂತಿತು. "ಬಂದ್ರೆ ಬರ್ಲಿ" ಎಂದು ಅವನನ್ನು ಸರಿಸಿ ನಡೆದಳು. ಅವನೂ ಹಿಂದೆಯೇ ಬಂದ.

ಅಜ್ಜ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿಧಾನಕ್ಕೆ ತಿರುಗಿಸಿ, ಮತ್ತೊಮ್ಮೆ ತಿರುಗಿಸಿ, ಕನ್ನಡಕ ತೆಗೆದುಬಿಟ್ಟ.

"ಬಿಡು ಮಗಳೇ. ಮುಚ್ಚಿದ್ದು ಮುಚ್ಚಿದ ಹಾಗೇ ಇರ್ಲಿ."

"ಹೇಳಿ ಅಜ್ಜ. ಹೇಳದೆ ಇದ್ರೆ ನಾನಿಲ್ಲಿಂದ ಏಳಲ್ಲ."

ಅಜ್ಜ ನೀಲಿ ಗೆರೆಯ ಮೇಲೆ ಉಗುರಿಟ್ಟ. "ಇಲ್ಲಿ ನೀರು ನಿಂತಿದೆ. ಪಂಪು ಕೈ ಕೊಟ್ಟಿದೆ. ಇಲ್ಲಿಂದ ಇಲ್ಲಿಗೆ ಹತ್ತು ಹನ್ನೆರಡು ನಿಮಿಷ, ಬೆಂಕಿ ಉರೀತಾನೇ ಇದೆ, ಯಾರೂ ನೋಡಿಲ್ಲ. ಆಮೇಲೆ ನೀಲಿ ಗೆರೆ ಒಮ್ಮೆಗೇ ಮೇಲೆದ್ದಿದೆ. ನಿನ್ ಗಂಡ ಪಂಪು ಮತ್ತೆ ಚಾಲೂ ಮಾಡಿದಾನೆ. ಕೆಂಪಗೆ ಕಾದ ಕಬ್ಬಿಣದ ಮೇಲೆ ತಣ್ಣೀರು ಬಿಟ್ಟಿದಾನೆ."

"ಬಿಡಬಾರ್ದಿತ್ತಾ?"

"ಬಿದ್ದ ನೀರು ಒಮ್ಮೆಗೇ ಹಬೆಯಾಗಿ ಸಿಡಿಯುತ್ತೆ. ಬೆಂಕಿ ಆರ್ಸಿ ಓಡ್ಬೇಕಿತ್ತು. ನಾನು ಕಲಿಸಿದ ಮೊದಲ್ನೇ ಪಾಠ ಅದು. ಗಾಬರೀಲಿ ಮರ್ತಿದಾನೆ."

ಅವಳ ಕಣ್ಣು ಆ ಹತ್ತು ನಿಮಿಷದ ಮೇಲೇ ನೆಟ್ಟಿತ್ತು.

"ಬಾಯ್ಲರ್ ಬಿಟ್ಟು ಕದಲೋ ಮನುಷ್ಯ ಅಲ್ಲ ಅವರು. ಅಷ್ಟು ಹೊತ್ತು ಎಲ್ಲಿದ್ರು?"

ಗೋಡೆಗೆ ಒರಗಿದ್ದ ಮೈದುನ ಹಾಗೇ ಜಾರಿ ಕುಸಿದು ಕುಳಿತ.

"ನನ್ ಜೊತೆ ಇದ್ದ ಅತ್ತಿಗೆ. ನಾನೇ ಟೀಗೆ ಕರ್ದೆ. ಬರಲ್ಲ ಅಂದ. ಬಾರೋ, ಬಾಯ್ಲರ್ ಏನ್ ಓಡಿಹೋಗುತ್ತಾ ಅಂತ ಎಳ್ಕೊಂಡ್ ಹೋದೆ. ತನಿಖೆಯವರು ಕೇಳಿದಾಗ ಬಾಯಿ ಬರ್ಲಿಲ್ಲ."

ಅವಳು ಎದ್ದಳು. ಹೊಡೆಯುತ್ತಾಳೆ ಎಂದುಕೊಂಡು ಅಜ್ಜ ಕೈ ಅಡ್ಡ ಚಾಚಿದ. ಇಷ್ಟು ತಿಂಗಳು ಮೈದುನ ಅವಳದೇ ಅಡುಗೆ ಉಂಡು, ಅವಳ ಮುಂದೆಯೇ ಅತ್ತು, ಇದೊಂದನ್ನು ನುಂಗಿಕೊಂಡಿದ್ದ! ಅವಳ ಮುಷ್ಟಿ ಬಿಗಿಯಿತು. ಅವನು ತಲೆ ತಗ್ಗಿಸಿ ಕಾದ.

"ಏನ್ ಮಾತಾಡ್ತಿದ್ರಿ?" ಎಂದಳು.

"ಆಂ?"

"ಆ ಹತ್ತು ನಿಮಿಷ. ಏನ್ ಮಾತಾಡಿದ್ರಿ?"

"ಏನಿಲ್ಲ... ಮೇನೇಜರ್ ಹೊಸ ಬೂಟು ಹಾಕ್ಕೊಂಡು ಹೇಗೆ ನಡೀತಾನೆ ಅಂತ ಅಣ್ಣ ನಡೆದು ತೋರಿಸ್ದ. ಕಾಲು ಸುಟ್ಟ ಬೆಕ್ಕಿನ ಹಾಗೆ. ನಕ್ಕೂ ನಕ್ಕೂ ಟೀ ಮೂಗಿಗೆ ಹತ್ತಿತು ನಂಗೆ."

"ಅವರೂ ನಕ್ರಾ?"

"ಕಣ್ಣಲ್ಲಿ ನೀರು ಬರೋವಷ್ಟು."

ಅವಳು ನೆಲದ ಮೇಲೆ, ಅವನಿಂದ ಒಂದು ಮಾರು ದೂರದಲ್ಲಿ ಕುಳಿತಳು. ಅವನನ್ನು ಕ್ಷಮಿಸಿದ್ದಾಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

"ಮೊದಲಿಂದ ಹೇಳು" ಎಂದಳು. "ಒಂದನ್ನೂ ಬಿಡ್ಬೇಡ."